ಹಿತ್ತಲ ರೈಲು ಕಾರು ಶೆಡ್ಡಿನೊಳಗೆ: ಗೋಡೆಗೆ ಎಂಥ ಬಾಗಿಲು ಮಾಡಿಸಲಿ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ಜಿ ಸ್ಕೇಲ್ ರೈಲು, ಅಂದರೆ ಹೊರಗೆ ಓಡಿಸುವ ದೊಡ್ಡ ಅಳತೆಯ ಮಾದರಿ ರೈಲು, ಹಾಕುತ್ತಿದ್ದೇನೆ. ಹಿತ್ತಾಳೆ ಹಳಿ, ಎರಡು ಹಳಿಗಳ ನಡುವೆ 45 ಮಿ.ಮೀ. ತೆಂಗಿನ ಮರಗಳ ನಡುವೆ ಒಂದು ಸುತ್ತು ಮುಗಿದಿದೆ. ಇನ್ನು ಅದನ್ನು ಕಾರು ಶೆಡ್ಡಿನ ಒಳಗೆ ತರಬೇಕು. ಒಳಗೆ ಗೋಡೆಗುಂಟ ಹಲಗೆ ಹೊಡೆದು ಗಾಡಿಗಳು ಅಲ್ಲೇ ನಿಲ್ಲುವ ಹಾಗೆ ಯಾರ್ಡು ಮಾಡುವ ಆಲೋಚನೆ. ಆಡಿಸಬೇಕು ಅನಿಸಿದಾಗಲೆಲ್ಲ ಎಂಜಿನ್ನು, ಬೋಗಿ ಹೊತ್ತು ತಂದು ಒಂದೊಂದೇ ಚಕ್ರ ಹಳಿ ಮೇಲೆ ಕೂರಿಸೋದು ಸಾಕಾಗಿದೆ.

ಗೋಡೆ ಚಿರೇಕಲ್ಲಿನದು, ಗಾರೆ ಸೇರಿ 9 ಇಂಚು. ಹಿತ್ತಲು ಶೆಡ್ಡಿನ ಪಡುವಣಕ್ಕಿದೆ, ಹಾಗಾಗಿ ತೂತು ಪಡುವಣ ಗೋಡೆಗೇ. ಅದಕ್ಕೆ ಬಾಗಿಲು ಹೇಗಿರಬೇಕು? ಮೇಲಕ್ಕೆ ಎತ್ತುವುದೋ, ಪಕ್ಕಕ್ಕೆ ತೆಗೆಯುವುದೋ, ಜಾರಿಸುವುದೋ? ಮಳೆ, ಹೆಗ್ಗಣ, ಹಾವು ಮೂರೂ ಒಳಗೆ ಬರಬಾರದು. ಆದರೆ ಹಳಿ ಬಾಗಿಲ ಬುಡದಲ್ಲೇ ಹಾದು ಹೋಗುತ್ತದಲ್ಲ, ಅಲ್ಲಿ ಸಂದಿ ಉಳಿಯುತ್ತದೆ. ಹೊರದೇಶದವರ ವಿಡಿಯೋ ಬೇಕಾದಷ್ಟು ನೋಡಿದೆ. ಅವರದ್ದು ಹೆಚ್ಚಾಗಿ ಮರದ ಗೋಡೆ, ಅವರ ಮಳೆಯೂ ನಮ್ಮ ಮಳೆಯಲ್ಲ.

ಹಿತ್ತಲಮಲ್ಲಿಗೆ, ಕುಮಟಾ

ಪಡುವಣ ಗೋಡೆಗೆ ತೂತಾ? ಬೇಡ ತಮ್ಮ. ಆಷಾಢದ ಗಾಳಿಮಳೆ ನೇರ ಅದೇ ಗೋಡೆಗೆ ಹೊಡೆಯೋದು. ನಮ್ಮನೆಯಲ್ಲಿ ಆ ಬದಿಯ ಕಿಟಕಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೆಂಗಿನ ಗರಿ ಹೆಣೆದ ಮಡ್ಲ ತಟ್ಟಿ ಕಟ್ಟಿಯೇ ಇಡುತ್ತೇವೆ. ಗಾಜು ಇದ್ದರೂ ನೀರು ಒಳಗೆ ಬರುತ್ತದೆ. ನಿನ್ನ ಸಣ್ಣ ಬಾಗಿಲು ಯಾವ ಲೆಕ್ಕ?

ಘಟ್ಟದ ಮೇಲಿನವ, ಶಿರಸಿ

ನಮ್ಮಲ್ಲಿ ಹಳೇ ಕೊಟ್ಟಿಗೆಯನ್ನೇ ಗಾಡಿ ನಿಲ್ಲಿಸೋಕೆ ಮಾಡಿಕೊಂಡಿದ್ದೇವೆ. ಅದರ ಪಕ್ಕದ ಗೋಡೆಯಲ್ಲಿ ಇಂಥದ್ದೇ ಬಾಗಿಲು ಇದೆ. ಹಲಸಿನ ಹಲಗೆ, ಪಕ್ಕಕ್ಕೆ ತೆಗೆಯೋದು. ಕೆಳಗೆ ಹಳಿ ಹೋಗುವ ಕಡೆ ಎರಡು ಕಚ್ಚು ಕೊಯ್ದು, ಅದಕ್ಕೆ ಗಟ್ಟಿ ಬ್ರಷ್ಷಿನ ಪಟ್ಟಿ ಹೊಡೆದಿದ್ದೇನೆ. ಹಳಿ ಬಿಚ್ಚುವ ರಗಳೆ ಇಲ್ಲ. ಚಿಲಕ ತೆಗೆದರೆ ಗಾಡಿ ಹೊರಗೆ. ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಆಚಾರಿಸಾಲೆ, ಅಂಕೋಲಾ

ಶಿರಸಿಯವರೇ, ನಿಮ್ಮ ಕೊಟ್ಟಿಗೆಗೆ ಅಡಿಕೆ ತೋಟ ಅಡ್ಡ ಇದೆ, ಮಾಡಿನ ಇಳಿಜಾರೂ ಉದ್ದ ಇರಬೇಕು. ಅದಕ್ಕೇ ನಡೆಯುತ್ತಿದೆ. ಕಾರವಾರದಲ್ಲಿ ನಡೆಯೋದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆ ಬಾಗಿಲು ಒಳಗೆ ತೆರೆಯುತ್ತದೆ, ಹೊಸ್ತಿಲು ಎತ್ತರ ಇರುತ್ತದೆ, ಮೇಲೆ ಜಗಲಿಯ ಮಾಡು. ಇಲ್ಲಿ ಮೂರೂ ಇಲ್ಲ. ಹೊಸ್ತಿಲು ಎತ್ತರಿಸೋಣ ಅಂದರೆ ಹಳಿ ಅಡ್ಡ ಬರುತ್ತದೆ. ಹಾಗಾಗಿ ನೀರು ನಿಲ್ಲಿಸುವ ದಾರಿ ಒಂದೇ. ಬಾಗಿಲು ಗೋಡೆಯ ಹೊರಮೈಗೆ ಬರಬೇಕು, ಬಿಜಾಗರಿ ಮೇಲ್ಗಡೆ ಇರಬೇಕು, ಬಾಗಿಲ ಕೆಳತುದಿ ಹೊಸ್ತಿಲಿಗಿಂತ ಒಂದು ಇಂಚು ಕೆಳಗೆ ಇಳಿದು ಗೋಡೆಗೆ ಒರಗಬೇಕು. ಆಗ ಬಾಗಿಲ ಮೇಲೆ ಬಿದ್ದ ನೀರು ಹಾಗೇ ಕೆಳಗೆ ಇಳಿದು ಹೋಗುತ್ತದೆ. ಹೊಸ್ತಿಲು ಹತ್ತಿ ಒಳಗೆ ಬರೋಕೆ ಅದಕ್ಕೆ ದಾರಿಯೇ ಇರೋದಿಲ್ಲ.

ಆ ಒಂದು ಇಂಚು ಕೆಳಗೆ ಇಳಿಸಬೇಕು ಅಂದರೆ ಹಳಿ ಅಲ್ಲಿ ಇರಬಾರದು. ಬಾಗಿಲ ಎದುರಿನ ಒಂದು ತುಂಡು ಹಳಿ ಎತ್ತಿ ತೆಗೆಯುವ ಹಾಗಿರಬೇಕು. ಕಚ್ಚು ಕೊಯ್ದು ಹಳಿ ಬಿಟ್ಟರೆ ಏನಾಗುತ್ತದೆ? ಹಿತ್ತಾಳೆ ಹಳಿ ಒಂದಕ್ಕೆ 8 ಮಿ.ಮೀ. ಎತ್ತರ, ಕೆಳಗೆ ಸ್ಲೀಪರು (ಹಳಿ ಹೊತ್ತ ಅಡ್ಡಪಟ್ಟಿ), ಸ್ಲೀಪರುಗಳ ನಡುವೆ ಖಾಲಿ. ಬ್ರಷ್ಷು ಎಷ್ಟೇ ದಟ್ಟ ಇರಲಿ, ಹಳಿಯ ಮೈ ಹಿಡಿದುಕೊಂಡು ನೀರು ಒಳಗೆ ಬರುತ್ತದೆ. ಇಲಿಮರಿಗೆ ಹೆಬ್ಬೆರಳು ತೂರುವ ಸಂದಿ ಸಾಕು. ಇಲಿ ಬಂದ ಕಡೆ ಕೇರೆ ಹಾವು ಬರದೆ ಇರುತ್ತದಾ?

ಘಟ್ಟದ ಮೇಲಿನವ, ಶಿರಸಿ

ಕೇರೆ ಹಾವು ಬಂದರೆ ಇಲಿ ಕಾಟ ಕಮ್ಮಿ ಆಯ್ತಲ್ಲ ಮಾರಾಯ್ರೆ! ತಮಾಷೆ ಇರಲಿ. ದಿನಾ ಹಳಿ ತುಂಡು ಕೂರಿಸಿ ತೆಗೆಯೋದು ಯಾರು?

ಆಚಾರಿಸಾಲೆ, ಅಂಕೋಲಾ

ಅವರು ದಿನಾ ಬಾಗಿಲು ಮುಚ್ಚುತ್ತಾರಲ್ಲ, ಅದರ ಜೊತೆಗೆ ಇನ್ನೊಂದು ಕೈಕೆಲಸ ಅಷ್ಟೇ. 30 ಸೆಂ.ಮೀ. ನೇರ ಹಳಿ ತಯಾರೇ ಸಿಗುತ್ತದೆ. ಅದನ್ನು ಒಂದು ಹಲಗೆಗೆ ಸ್ಕ್ರೂ ಮಾಡಿ, ಹಲಗೆಯ ಕೆಳಗೆ ಎರಡು ಹಿತ್ತಾಳೆ ಗೂಟ, ಕೆಳಗೆ ಹಳಿ ಹೊತ್ತ ಕಟ್ಟೆಯಲ್ಲಿ ಅದಕ್ಕೆ ಸರಿಯಾದ ಎರಡು ತೂತು. ಇಟ್ಟರೆ ಕೂತಿತು, ಎತ್ತಿದರೆ ಬಂತು. ಒಂದು ತೂತು ಗುಂಡಗಿರಲಿ, ಇನ್ನೊಂದು ಸ್ವಲ್ಪ ಉದ್ದಕ್ಕಿರಲಿ. ಎರಡೂ ಗುಂಡಗಿದ್ದರೆ ಬಿಸಿಲಿಗೆ ಹಿಡಿದುಕೊಳ್ಳುತ್ತದೆ.

ಕಾಳಿದಂಡೆ, ಕಾರವಾರ

ಹಳಿ ತುಂಡು ಎತ್ತುವುದಕ್ಕೆ ನನಗೆ ಬೇಜಾರಿಲ್ಲ. ಇನ್ನೊಂದು ಯೋಚನೆ ಇತ್ತು. ಬಾಗಿಲನ್ನೇ ಸೇತುವೆ ಮಾಡಿದರೆ ಹೇಗೆ? ಬಿಜಾಗರಿ ಕೆಳಗೆ, ಬಾಗಿಲ ಒಳಮೈಗೆ ಹಳಿ. ಹೊರಕ್ಕೆ ಬೀಳಿಸಿದರೆ ಅದೇ ಸೇತುವೆ, ಎತ್ತಿದರೆ ಬಾಗಿಲು.

ಪಡುವಣ ಗೋಡೆ ಬಗ್ಗೆ ಕುಮಟಾದ ಅಕ್ಕ ಹೇಳಿದ್ದು ಸರಿ. ಮೂಡಣಕ್ಕೆ ರಸ್ತೆ, ಶಟರು. ಬಡಗಣ ಗೋಡೆ ಖಾಲಿ ಇದೆ, ಅಲ್ಲಿ ಪಕ್ಕದ ಮನೆಯ ಪಾಗಾರ ಹತ್ತಿರ ಇರೋದರಿಂದ ಗಾಳಿಯೂ ಕಮ್ಮಿ. ಆದರೆ ಅಲ್ಲಿಗೆ ತಿರುಗಿಸಬೇಕು ಅಂದರೆ ಗೋಡೆಯ ಹತ್ತಿರವೇ ತಿರುವು ಬರುತ್ತದೆ.

ಮೀಟರ್‌ಗೇಜು, ದಾಂಡೇಲಿ

ಸೇತುವೆ ಬಾಗಿಲು ನೋಡೋಕೆ ಚೆಂದ, ಮಾಡೋದು ಕಷ್ಟ. ಬಿಜಾಗರಿಯ ಗೂಟ ಹಳಿಯ ನೆತ್ತಿಯ ಮಟ್ಟದಲ್ಲಿ ಇರಬೇಕು, ಇಲ್ಲ ಅದಕ್ಕಿಂತ ಮೇಲೆ. ಹಲಗೆಯ ಕೆಳಗೆ ಬಿಜಾಗರಿ ಹೊಡೆದರೆ, ಎತ್ತುವಾಗ ಸೇತುವೆಯ ಹಳಿ ಹಿಂದಕ್ಕೆ ಸರಿದು ಗೋಡೆಯೊಳಗಿನ ಹಳಿಗೆ ಗುದ್ದಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ರಟ್ಟು ಮಡಚಿ ನೋಡಿ, ಗೊತ್ತಾಗುತ್ತದೆ. ಸರಿ, ಬಿಜಾಗರಿ ಮೇಲೆ ತಂದಿರಿ ಅನ್ನಿ. ಆಗ ಬಾಗಿಲ ಬುಡದಲ್ಲೇ ಸಂದಿ, ಅಂದರೆ ನೀರು ಸೇರುವ ಜಾಗದಲ್ಲೇ. ಒಳಗಿನ ಎರಡು ಕೋಣೆಗಳ ನಡುವೆ ಆದರೆ ಮಾಡಿ. ಹೊರಗಿನ ಗೋಡೆಗೆ ಆಚಾರಿಗಳು ಹೇಳಿದ್ದೇ ಸರಿ.

ತಿರುವಿನ ವಿಷಯ ದೊಡ್ಡದು. ನಿಮ್ಮ ಅತಿ ಉದ್ದದ ಬೋಗಿ ಎಷ್ಟು? ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಬದಿಗೆ ಬರುತ್ತದೆ, ಎರಡು ತುದಿ ಹೊರಬದಿಗೆ ಚಾಚುತ್ತದೆ. ನೇರ ಹಳಿ ಮೇಲೆ ಅಳತೆ ತೆಗೆದು ತೂತು ಕೊರೆದರೆ ಬೋಗಿಯ ಮೂಲೆ ಗಾರೆಗೆ ಉಜ್ಜುತ್ತದೆ.

ಕಾಳಿದಂಡೆ, ಕಾರವಾರ

ಬೋಗಿ 60 ಸೆಂ.ಮೀ. ಉದ್ದ, ಅಗಲ 12.5. ಬೋಗಿಯ ಅಡಿಗೆ ಎರಡು ಕಡೆ ಇರುವ ಚಕ್ರದ ಗಾಡಿಗಳ (ಚಕ್ರ ಹೊತ್ತ ಚೌಕಟ್ಟು) ನಡು-ನಡುವಿನ ದೂರ 40 ಸೆಂ.ಮೀ. ಹಳಿಯ ನೆತ್ತಿಯಿಂದ ಬೋಗಿಯ ಮಾಡಿನ ತನಕ 18.5. ತಿರುವಿನ ತ್ರಿಜ್ಯ 117.5 ಸೆಂ.ಮೀ.

ಮೀಟರ್‌ಗೇಜು, ದಾಂಡೇಲಿ

ಲೆಕ್ಕ ಸುಲಭ. ಚಕ್ರದ ಗಾಡಿಗಳ ದೂರವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿ. 400 × 400 ÷ 9400, ಅಂದರೆ 17 ಮಿ.ಮೀ. ಹೊಟ್ಟೆ ಇಷ್ಟು ಒಳಕ್ಕೆ ಬರುತ್ತದೆ. ತುದಿಗೆ: 600 × 600ರಲ್ಲಿ 400 × 400 ಕಳೆದು ಅದೇ 9400ರಿಂದ ಭಾಗಿಸಿದರೆ 21 ಮಿ.ಮೀ. ಇಷ್ಟು ಹೊರಕ್ಕೆ. 60 ಸೆಂ.ಮೀ. ತ್ರಿಜ್ಯದ ಗಿಡ್ಡ ತಿರುವು ಹಾಕಿದ್ದರೆ ಎರಡೂ ಹತ್ತಿರ ಹತ್ತಿರ ದುಪ್ಪಟ್ಟು ಆಗುತ್ತಿತ್ತು.

ಈಗ ಗೋಡೆಯ ತೂತು. ಬೋಗಿ 125, ಎರಡು ಬದಿಗೆ ಸುಮಾರು 20ರಂತೆ ಚಾಚು, ಮತ್ತೆ ಎರಡು ಬದಿಗೆ 25ರಂತೆ ಖಾಲಿ. ಒಟ್ಟು 215 ಮಿ.ಮೀ. ನನ್ನ ಮಾತು ಕೇಳಿದರೆ ಅದಕ್ಕೂ ನಿಲ್ಲಬೇಡಿ, 300 ಮಾಡಿ. 9 ಇಂಚಿನ ಗೋಡೆಯ ನಡುವೆ ಗಾಡಿ ಹಳಿ ತಪ್ಪಿದರೆ ಕೈ ಹಾಕಿ ಎತ್ತಬೇಕಲ್ಲ? ಗಾಡಿಗೆ ಬೇಕಾದ ಅಳತೆ ಬೇರೆ, ನಿಮ್ಮ ಕೈಗೆ ಬೇಕಾದ ಅಳತೆ ಬೇರೆ. ಎತ್ತರಕ್ಕೂ ಹಾಗೇ. 18.5 ಸೆಂ.ಮೀ.ಗೆ ಹಳಿ, ಸ್ಲೀಪರು, ಹಲಗೆ ಎಲ್ಲ ಸೇರಿಸಿ, ಮೇಲೆ ನಾಲ್ಕು ಬೆರಳು ಬಿಡಿ.

ಕೊರೆಯುವ ಮೊದಲು ಒಂದು ಕೆಲಸ ಮಾಡಿ. ಉದ್ದದ ಬೋಗಿಯ ಎರಡು ತುದಿಗೂ ನಡುವಿಗೂ ಪೆನ್ಸಿಲ್ ಅಡ್ಡ ಕಟ್ಟಿ, ರಟ್ಟಿನ ಗೋಡೆ ನಿಲ್ಲಿಸಿ, ಕೈಯಲ್ಲಿ ನಿಧಾನಕ್ಕೆ ತಳ್ಳಿ. ಪೆನ್ಸಿಲ್ ಗೀರಿದ ಕಡೆ ನಿಮ್ಮ ನಿಜವಾದ ಅಳತೆ ಸಿಗುತ್ತದೆ.

ಅಂದಹಾಗೆ ಬೋಗಿ ಯಾವುದು? 45 ಮಿ.ಮೀ. ಹಳಿಯ ಮೇಲೆ 1:22.5 ಅಳತೆಯ ಗಾಡಿ ಇಟ್ಟರೆ ಅದು ಮೀಟರ್‌ಗೇಜು, ಅಂದರೆ ನಿಜದ ರೈಲಿನಲ್ಲಿ ಹಳಿಗಳ ನಡುವೆ ಒಂದು ಮೀಟರ್. ಕ್ಯಾಸಲ್‌ರಾಕ್ ಘಾಟಿಯಲ್ಲಿ ಮೊದಲು ಓಡುತ್ತಿದ್ದದ್ದು ಅದೇ. ಅಲ್ಲಿ 37 ಅಡಿಗೆ ಒಂದಡಿ ಏರು. ನಿಮ್ಮೂರಿನ ಕೊಂಕಣ ರೈಲ್ವೆಯಲ್ಲಿ 150ಕ್ಕೆ ಒಂದು. ಹಿತ್ತಲಿಂದ ಶೆಡ್ಡಿಗೆ ಎಷ್ಟು ಏರಿದೆ?

ಕಾಳಿದಂಡೆ, ಕಾರವಾರ

5 ಮೀಟರಿಗೆ 12 ಸೆಂ.ಮೀ. ಒಳಗಿನದೇ ಎತ್ತರ. ಅಂದರೆ 42ಕ್ಕೆ ಒಂದು. ಕ್ಯಾಸಲ್‌ರಾಕ್ ಹತ್ತಿರ ಬಂತು! ಎಂಜಿನ್ನು ನಾಲ್ಕು ಬೋಗಿ ಎಳೆಯುತ್ತದೆ, ಸಾಕು. ಏರು ಒಳಕ್ಕೆ ಇರೋದರಿಂದ ಕಟ್ಟೆ ಮೇಲೆ ಬಿದ್ದ ನೀರು ಹೊರಕ್ಕೇ ಹರಿಯುತ್ತದೆ, ಅದೊಂದು ಲಾಭ.

ಪಾತಿದೋಣಿ, ಕಾರವಾರ

ಇಷ್ಟೆಲ್ಲ ಯಾಕೆ? ಮುಂದಿನ ಶಟರು ಒಂದಡಿ ಎತ್ತಿ ಅದರ ಕೆಳಗೆ ಗಾಡಿ ಬಿಡಿ.

ಕಾಳಿದಂಡೆ, ಕಾರವಾರ

ಶಟರಿನ ಹಿಂದೆ ಕಾರಿದೆ ಸರ್. ಹಳಿ ಕಾರಿನ ಟಯರಿನ ಕೆಳಗೆ ಬರುತ್ತದೆ.

ಆಚಾರಿಸಾಲೆ, ಅಂಕೋಲಾ

ಬಡಗಣ ಗೋಡೆ ಅಂತ ಗಟ್ಟಿ ಆಯ್ತಲ್ಲ, ಈಗ ಕಲ್ಲಿನ ಕೆಲಸ. ಇದು ಮೇಸ್ತ್ರಿಯ ಪಾಲು, ಆದರೂ ಹೇಳಿಬಿಡುತ್ತೇನೆ. ಎತ್ತರಕ್ಕೆ ಎರಡು ವರಸೆ ಕಲ್ಲು ತೆಗೆದರೆ ನಿಮಗೆ ಬೇಕಾದಷ್ಟು ಜಾಗ ಸಿಗುತ್ತದೆ. ಮಾಡಿನ ತೊಲೆ ಕೂತ ಜಾಗದ ನೇರ ಕೆಳಗೆ ಬೇಡ. ಸಣ್ಣ ತೂತು ಅಂತ ಮೇಲಿನ ಕಲ್ಲು ಹಾಗೇ ಬಿಡಬೇಡಿ. ಸಣ್ಣ ಲಿಂಟಲ್ ಕೂರಿಸಿ, ಎರಡೂ ಬದಿಗೆ ಆರು ಇಂಚು ಗೋಡೆಯ ಮೇಲೆ ಕೂರಬೇಕು. ಕಾಂಕ್ರೀಟಾದರೆ ಸರಳು ಹೊರಮೈಗೆ ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ, ಸಮುದ್ರದ ಗಾಳಿಗೆ ಒಳಗೇ ತುಕ್ಕು ಹಿಡಿದು ಒಡೆಯುತ್ತದೆ.

ಕೊಯ್ದ ಚಿರೇಕಲ್ಲಿನ ಒಳಮೈ ಬರೇ ಬಿಡಬಾರದು. ಅದು ತೂತು ತೂತು ಕಲ್ಲು, ನೀರು ಕುಡಿಯುತ್ತದೆ. ನಾಲ್ಕೂ ಬದಿಗೆ ಗಾರೆ ಮಾಡಿಸಿ. ಕೆಳಗೆ ಕಡಪ ಕಲ್ಲಿನ ಹೊಸ್ತಿಲು, ಹೊರಕ್ಕೆ ಸ್ವಲ್ಪ ಇಳಿಜಾರು, ಗೋಡೆಯಿಂದ ಒಂದು ಬೆರಳು ಮುಂದೆ ಚಾಚಲಿ. ಬಾಗಿಲ ಕೆಳತುದಿ ಈ ಚಾಚಿದ ಅಂಚಿನ ಮುಂದೆ ಇಳಿಯುತ್ತದೆ. ಮೇಲೆ ಒಂದು ಗೇಣು ಅಗಲದ ಸಜ್ಜಾ. ಸಜ್ಜಾದ ಅಡಿಮೈಯಲ್ಲಿ ಮುಂದಿನ ಅಂಚಿಗೆ ಹತ್ತಿರ ಉದ್ದಕ್ಕೆ ಒಂದು ಗೀರು ಹಾಕಿಸಿ. ಗೀರು ಇಲ್ಲದಿದ್ದರೆ ನೀರು ಅಡಿಮೈ ಹಿಡಿದುಕೊಂಡು ಹಿಂದಕ್ಕೆ ಬಂದು ನಿಮ್ಮ ಬಿಜಾಗರಿ ಮೇಲೇ ತೊಟ್ಟಿಕ್ಕುತ್ತದೆ.

ಘಟ್ಟದ ಮೇಲಿನವ, ಶಿರಸಿ

ಹಲಗೆ ಯಾವುದು ಹಾಕಿಸುತ್ತೀರಿ? ಹಲಸು ಹಾಕಿ ಅಂತ ನಾನು ಈಗಲೂ ಹೇಳುತ್ತೇನೆ.

ಆಚಾರಿಸಾಲೆ, ಅಂಕೋಲಾ

ಹಲಸು ಒಳ್ಳೇ ಮರ, ಬೇರೆ ಮಾತಿಲ್ಲ. ಆದರೆ ಒಂದಡಿ ಬಾಗಿಲಿಗೆ ಅಗಲ ಹಲಗೆ ಹಾಕಿದರೆ ಜುಲೈನಲ್ಲಿ ಉಬ್ಬುತ್ತದೆ, ಫೆಬ್ರುವರಿಯಲ್ಲಿ ಕುಗ್ಗುತ್ತದೆ. ರಬ್ಬರು ಪಟ್ಟಿ ಒತ್ತಿ ಕೂರಬೇಕಾದ ಬಾಗಿಲು ಹಾಗೆ ಅಳತೆ ಬದಲಿಸಬಾರದು. ಪ್ಲೈವುಡ್ಡು ಆದರೆ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ನೋಡಿ ತಗೊಳ್ಳಿ. ಐಎಸ್ 303 ಮುದ್ರೆಯದು ಒಳಾಂಗಣಕ್ಕೆ ಆಯ್ತು, ಇಲ್ಲಿ ಬೇಡ. ಕೊಯ್ದ ಅಂಚಿಗೆ ಎಪಾಕ್ಸಿ ಕುಡಿಸಬೇಕು, ಪ್ಲೈ ಹಾಳಾಗೋದು ಅಂಚಿನಿಂದಲೇ.

ನನ್ನ ಕೇಳಿದರೆ 18 ಮಿ.ಮೀ. ಪಿವಿಸಿ ಫೋಮ್ ಬೋರ್ಡು. ಒರಲೆ ಹಿಡಿಯೋದಿಲ್ಲ, ನೀರು ಕುಡಿಯೋದಿಲ್ಲ. ಎರಡು ಎಚ್ಚರಿಕೆ. ಸ್ಕ್ರೂ ಅದರಲ್ಲಿ ಗಟ್ಟಿ ನಿಲ್ಲೋದಿಲ್ಲ, ಆರುಪಾರು ಬೋಲ್ಟು ಹಾಕಿ ಒಳಗೆ ಅಗಲ ವಾಷರು ಕೊಡಿ. ಕಪ್ಪು, ಕಡು ಹಸಿರು ಬಣ್ಣ ಬಳಿಯಬೇಡಿ, ಬಿಸಿಲಿಗೆ ಸೊಟ್ಟ ಆಗುತ್ತದೆ.

ಬಿಜಾಗರಿ ಹಿತ್ತಾಳೆಯದು ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. 304ಕ್ಕೆ ಸಮುದ್ರದ ಹತ್ತಿರ ಕಂದು ಕಲೆ ಏಳುತ್ತದೆ. 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪು ತಡೆಯುತ್ತದೆ. ಅಂಗಡಿಯವರು ಆಯಸ್ಕಾಂತ ಹಿಡಿದು ತೋರಿಸುತ್ತಾರೆ, ನಂಬಬೇಡಿ. 304ಕ್ಕೂ ಆಯಸ್ಕಾಂತ ಅಂಟೋದಿಲ್ಲ, 316ಕ್ಕೂ ಅಂಟೋದಿಲ್ಲ. ಮೀನು ದೋಣಿಯ ಸಾಮಾನು ಮಾರುವ ಕಡೆ ಕೇಳಿ. ಅಲ್ಯುಮಿನಿಯಂ ಬಾಗಿಲಿಗೆ ಸ್ಟೀಲ್ ಬೋಲ್ಟು ಹಾಕುವ ಆಲೋಚನೆ ಇದ್ದರೆ ಬಿಡಿ. ಎರಡು ಲೋಹ ಸೇರಿದ ಕಡೆ ಉಪ್ಪುಗಾಳಿಗೆ ಅಲ್ಯುಮಿನಿಯಂ ಬಿಳಿ ಹಿಟ್ಟು ಬಿಡುತ್ತದೆ.

ತೆರೆದ ಬಾಗಿಲಿಗೆ ಮೇಲೆ ಗಟ್ಟಿ ಕೊಕ್ಕೆ ಇರಲಿ. ಗಾಳಿಗೆ ಕಳಚಿ ಓಡುವ ಗಾಡಿ ಮೇಲೆ ಬಿದ್ದರೆ ಎಂಜಿನ್ನಿನ ಚಿಮಣಿ ಹೋಯಿತು.

ಹಿತ್ತಲಮಲ್ಲಿಗೆ, ಕುಮಟಾ

ಬಾಗಿಲ ಹೊರಗಿನ ಚಿಲಕಕ್ಕೆ ಬೀಗ ಬೇಡವಾ? ಒಂದಡಿ ತೂತು ಅಂದರೆ ಸಣ್ಣ ಹುಡುಗರು ನುಸುಳುತ್ತಾರೆ.

ಕಾಳಿದಂಡೆ, ಕಾರವಾರ

ಚಿಲಕ ಒಳಗಡೆಯಿಂದಲೇ ಅಕ್ಕ. ಎರಡು ಮೂಲೆಗೂ ತಿರುಗಿಸಿ ಎಳೆಯುವ ಥರದ್ದು, ರಬ್ಬರು ಪಟ್ಟಿ ಒತ್ತಿ ಕೂರಲಿ ಅಂತ. ಶೆಡ್ಡಿಗೆ ಬೀಗ ಇದ್ದೇ ಇದೆ.

ಸಿಗ್ನಲ್‌ದೀಪ, ಹೊನ್ನಾವರ

ಬಾಗಿಲ ಮಾತು ಆಯ್ತು. ಬಾಗಿಲು ಮುಚ್ಚಿದ್ದಾಗ ಗಾಡಿ ಬಂದರೆ? ಈಗ ಹಳಿ ತುಂಡನ್ನೂ ತೆಗೆಯುತ್ತೀರಿ, ಅಂದರೆ ಗಾಡಿ ಬಾಗಿಲಿಗೆ ಗುದ್ದೋದಿಲ್ಲ, ಗುಂಡಿಗೇ ಬೀಳುತ್ತದೆ. ಇದಕ್ಕೆ ಮೊದಲೇ ವ್ಯವಸ್ಥೆ ಮಾಡಿ.

ಹೆಚ್ಚಿನವರು ಬಾಗಿಲಿಗೆ ಮೈಕ್ರೋಸ್ವಿಚ್ಚು ಹಾಕುತ್ತಾರೆ. ಕರಾವಳಿಯಲ್ಲಿ ಹೊರಗಿಟ್ಟ ಸ್ವಿಚ್ಚಿನ ಕಾಂಟ್ಯಾಕ್ಟು ಬೇಗ ಹಸಿರಾಗುತ್ತದೆ. ಎಂಜಿನ್ನಿಗೆ ಕರೆಂಟು ಬರೋದು ಹಳಿಯ ಮೂಲಕವೇ ಅಲ್ಲವಾ, ನೀವು ಹಳಿ ತುಂಡನ್ನೇ ಕೀಲಿಕೈ ಮಾಡಿ. ಹೇಗೆ ಅಂದರೆ, ತೂತಿನ ಎರಡೂ ಬದಿಗೆ ಒಂದೊಂದು ಉದ್ದ ಹಳಿಯನ್ನು ಉಳಿದದ್ದರಿಂದ ಬೇರೆ ಮಾಡಿ. ಎರಡರಲ್ಲಿ ಒಂದು ಹಳಿ ಕಡಿದರೆ ಸಾಕು, ಪ್ಲಾಸ್ಟಿಕ್ ಜಾಯಿಂಟು ಹಾಕಿ. ಈ ಎರಡು ಬದಿಯ ಹಳಿಗೂ ಕರೆಂಟು ನೇರ ಕೊಡಬೇಡಿ. ಒಂದು ವಯರು ಪ್ಲಗ್ಗಿನ ಮೂಲಕ ಎತ್ತುವ ತುಂಡಿಗೆ ಬರಲಿ, ಅಲ್ಲಿಂದ ಜಾಯಿಂಟಿನ ಮೂಲಕ ಎರಡೂ ಬದಿಗೆ ಹೋಗಲಿ. ತುಂಡು ಕೂತಿದ್ದರೆ ಎರಡೂ ಬದಿ ಜೀವಂತ. ತುಂಡು ಎತ್ತಿದಿರೋ, ಎರಡೂ ಬದಿ ಸತ್ತ ಹಳಿ. ತುಂಡು ಎತ್ತದೆ ಬಾಗಿಲು ಮುಚ್ಚೋಕೇ ಬರೋದಿಲ್ಲ ಅಂತ ಆಚಾರಿಗಳು ಮೊದಲೇ ಮಾಡಿಟ್ಟಿದ್ದಾರೆ. ಮರೆಯುವ ಪ್ರಶ್ನೆ ಇಲ್ಲ.

ಸತ್ತ ಹಳಿ ಎಷ್ಟು ಉದ್ದ ಇರಬೇಕು? ನಿಮ್ಮ ಎಂಜಿನ್ನನ್ನು ಪೂರ್ತಿ ವೇಗದಲ್ಲಿ, ಇಳಿಜಾರಿನಲ್ಲೂ ಓಡಿಸಿ, ಕರೆಂಟು ಕಿತ್ತು, ಎಷ್ಟು ದೂರ ಜಾರುತ್ತದೆ ನೋಡಿ. ಅದಕ್ಕೆ ಎಂಜಿನ್ನಿನ ಉದ್ದ ಸೇರಿಸಿ. ಒಳಗೆ ದೀಪ ಇರುವ ಬೋಗಿ ಇದ್ದರೆ ಹುಷಾರು. ಅದರ ಮುಂದಿನ ಚಕ್ರ ಸತ್ತ ಹಳಿಯಲ್ಲಿ, ಹಿಂದಿನ ಚಕ್ರ ಜೀವಂತ ಹಳಿಯಲ್ಲಿ ಇದ್ದರೆ ಕರೆಂಟು ಬೋಗಿಯ ಮೂಲಕವೇ ದಾಟುತ್ತದೆ.

ಕಾಳಿದಂಡೆ, ಕಾರವಾರ

ಇದು ಬಹಳ ಇಷ್ಟವಾಯಿತು ಸರ್. ಸತ್ತ ಹಳಿಯಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ತರೋದು ಹೇಗೆ? ಕೈಯಲ್ಲಿ ತಳ್ಳಬೇಕಾ?

ಸಿಗ್ನಲ್‌ದೀಪ, ಹೊನ್ನಾವರ

ಬೇಡ. ಕಡಿದ ಜಾಗಕ್ಕೆ ಅಡ್ಡಲಾಗಿ ಒಂದು ಡಯೋಡು ಹಾಕಿ. ಡಯೋಡು ಒಂದೇ ದಿಕ್ಕಿಗೆ ಕರೆಂಟು ಬಿಡುತ್ತದೆ. ಗಾಡಿ ಬಾಗಿಲ ಕಡೆ ಬರುವಾಗ ತಡೆಯುತ್ತದೆ, ಕಂಟ್ರೋಲರು ಹಿಂದಕ್ಕೆ ತಿರುಗಿಸಿದರೆ ಹಳಿಯ ಪ್ಲಸ್ ಮೈನಸ್ ಅದಲುಬದಲಾಗಿ, ಬಿಡುತ್ತದೆ. 3 ಆಂಪಿಯರಿನ 1ಎನ್5408 ಸಾಕಾಗಬಹುದು. ಎರಡು ಮೋಟರಿನ ದೊಡ್ಡ ಎಂಜಿನ್ನಿದ್ದರೆ 6 ಆಂಪಿಯರಿನದು ತಗೊಳ್ಳಿ. ಡಯೋಡಿನಲ್ಲಿ ಸುಮಾರು 0.7 ವೋಲ್ಟು ಇಳಿಯುತ್ತದೆ, ಗಾಡಿ ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ. ಇದೆಲ್ಲ ಮಾಮೂಲಿ ಡಿಸಿಗೆ. ಮುಂದೆ ಡಿಜಿಟಲ್ ಕಂಟ್ರೋಲಿಗೆ ಹೋದರೆ ಡಯೋಡು ಕಿತ್ತುಬಿಡಿ.

ಮೀಟರ್‌ಗೇಜು, ದಾಂಡೇಲಿ

ನನ್ನದೂ ಒಂದು ಮಾತು ಸೇರಿಸಿ. ಹಿತ್ತಾಳೆ ಹಳಿ ಬಿಸಿಲಿಗೆ ಹಿಗ್ಗುತ್ತದೆ. 10 ಮೀಟರ್ ಹಳಿ 35 ಡಿಗ್ರಿ ಜಾಸ್ತಿ ಬಿಸಿಯಾದರೆ 6ರಿಂದ 7 ಮಿ.ಮೀ. ಉದ್ದವಾಗುತ್ತದೆ. ಅದೆಲ್ಲ ನಿಮ್ಮ ಎತ್ತುವ ತುಂಡಿನ ಕಡೆಗೇ ತಳ್ಳಿದರೆ ಮಧ್ಯಾಹ್ನ ತುಂಡು ಕೂರೋದಿಲ್ಲ. ತುಂಡಿನ ಎರಡೂ ಬದಿಯ ಹಳಿಯನ್ನು ಕಟ್ಟೆಗೆ ಭದ್ರ ಬಿಗಿಯಿರಿ. ಹಿಗ್ಗಲಿಕ್ಕೆ ಸಂದಿಯನ್ನು ಅಲ್ಲಿಂದ ದೂರ, ತಿರುವಿನ ಆಚೆ ಕೊಡಿ.

ಘಟ್ಟದ ಮೇಲಿನವ, ಶಿರಸಿ

ಇಷ್ಟು ಮಾಡಿದ ಮೇಲೂ ಮಳೆಗಾಲದಲ್ಲಿ ಗಾಡಿ ಹೊರಗೆ ಬಿಡುತ್ತೀರಾ? ಕೊಂಕಣ ರೈಲ್ವೆಗೇ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇದೆ ಮಾರಾಯ್ರೆ.

ಕಾಳಿದಂಡೆ, ಕಾರವಾರ

ಹೊರಗೆ ಬಿಡೋದಿಲ್ಲ. ಆ ನಾಲ್ಕು ತಿಂಗಳು ಶೆಡ್ಡಿನೊಳಗಿನ ಯಾರ್ಡಿನಲ್ಲೇ ಆಟ. ಆಗ ಬಾಗಿಲ ಮೇಲೆ ಹೊರಗಿನಿಂದ ಇನ್ನೊಂದು ಹಲಗೆ ಹೊಡೆದು ಬಿಡುತ್ತೇನೆ. ಮೇಸ್ತ್ರಿ ಬರುವ ವಾರ ಬರುತ್ತೇನೆ ಅಂದಿದ್ದಾರೆ. ಬಡಗಣ ಗೋಡೆ, 300 ಅಗಲ, ಕಡಪ ಹೊಸ್ತಿಲು, ಗೀರು ಹಾಕಿದ ಸಜ್ಜಾ, ಫೋಮ್ ಬೋರ್ಡು. ಹಲಸಿನ ಹಲಗೆ ಒಳಗಿನ ಯಾರ್ಡಿಗೆ ಹಾಕುತ್ತೇನೆ ಶಿರಸಿಯಣ್ಣ, ಬೇಜಾರು ಬೇಡ.

ಹೊನ್ನಾವರದ ಸರ್‌ಗೆ ಕೊನೆಯದೊಂದು ಪ್ರಶ್ನೆ. ಡಯೋಡು ಎರಡು ಬೇಕಲ್ಲ, ಹೊರಗೊಂದು, ಒಳಗೊಂದು. ಎರಡನ್ನೂ ಒಂದೇ ದಿಕ್ಕಿಗೆ ಹಾಕಬೇಕಾ?

ಸಿಗ್ನಲ್‌ದೀಪ, ಹೊನ್ನಾವರ

ಅಲ್ಲ, ಒಂದಕ್ಕೊಂದು ಉಲ್ಟಾ. ಒಂದೇ ಬದಿಯ ಹಳಿಯನ್ನು ಎರಡು ಕಡೆಯೂ ಕಡಿದಿದ್ದರೆ ಹೀಗೆ ಮಾಡಿ. ಗಾಡಿ ಒಳಗೆ ಬರುವಾಗ ಆ ಹಳಿ ಪ್ಲಸ್ ಆಗಿರುತ್ತದೆ ಅನ್ನೋಣ. ಹೊರಗಿನ ಡಯೋಡಿನ ಬೆಳ್ಳಿ ಪಟ್ಟಿಯ ತುದಿ ಜೀವಂತ ಹಳಿಗೆ, ಇನ್ನೊಂದು ತುದಿ ಸತ್ತ ಹಳಿಗೆ. ಒಳಗಿನದಕ್ಕೆ ಬೆಳ್ಳಿ ಪಟ್ಟಿಯ ತುದಿ ಸತ್ತ ಹಳಿಗೆ. ಬೆಸುಗೆ ಹಾಕುವ ಮೊದಲು ಕ್ಲಿಪ್ಪು ಕಚ್ಚಿಸಿ ಬರೀ ಎಂಜಿನ್ನು ಬಿಟ್ಟು ನೋಡಿ, ಬೋಗಿ ಕಟ್ಟಬೇಡಿ.